ಎರವಿನ ಕೈಯ ಕವಡೆ

“ಕವಡಿ ಖರೇ ಎಲ್ಲಿ ಬೀಳತೈತಿ? ಮೊದಲ ಅದನ್ನ ಹೇಳವಾ.”

ನಾಗರತ್ನಾಳ ಪ್ರಶ್ನೆಗೆ ತಸ್ಲೀಮಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ. ಕಮರುದ್ದೀನ್‌ಗೆ ಯಾರ ಜೊತೆಗಾದರೂ ಜಗಳವಿತ್ತೇ ಎಂದು ಪೊಲೀಸರು ಕೇಳಿದ್ದರು. ಗಂಡ ಹೆಂಡತಿ ಸರಿಯಾಗಿದ್ದರೇ ಎಂದು ನೆಂಟರು ಕೇಳಿದ್ದರು. ಕವಡೆ ಎಲ್ಲಿ ಬೀಳುತ್ತದೆ ಎಂಬುದು ಯಾರಿಗೂ ಬೇಕಾಗಿರಲಿಲ್ಲ.

ನಾಗರತ್ನಾಳಿಗೆ ಬೇಕಾಗಿತ್ತು. ಬೆಂಗೇರಿಯ ಟೇಲರ್ ಅಂಗಡಿಯ ಮೇಲೆ ಕೋಣೆ ಹಿಡಿದು, ಮದುವೆಗೆ ಮುಂಚೆ ಗಂಡು ಹೆಣ್ಣಿನ ಮನೆಗಳ ಬಗ್ಗೆ ವಿಚಾರಿಸಿ ಹೇಳುವ ಈ ಹೆಂಗಸಿಗೆ ಕುತೂಹಲವೇ ಕಸುಬು, ಕುತೂಹಲವೇ ರೋಗ. ವರನ ನೌಕರಿ ವಿಚಾರಿಸಲು ಹೋದವಳು ಅವರ ಮನೆಯ ಉಪ್ಪಿನಕಾಯಿಗೆ ಯಾವ ಎಣ್ಣೆ ಹಾಕುತ್ತಾರೆಂಬುದನ್ನೂ ತಿಳಿದುಕೊಂಡೇ ಬರುತ್ತಿದ್ದಳು.

ಬೆಂಗೇರಿಯ ಹೊಲಿಗೆ ಮಶಿನ್ ಮೆಕ್ಯಾನಿಕ್ ಕಮರುದ್ದೀನ್ ತನ್ನ ಸಾಮಾನಿನ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ವಾರದ ಮೇಲಾಗಿತ್ತು. ಕರೆ ಮಾಡಿದರೆ ಸ್ವಿಚ್ ಆಫ್. ಆದರೆ ಫೋನಿನಲ್ಲಿ ಅವನು ಆಡುತ್ತಿದ್ದ ಚೌಕಾಬಾರಾ ಮಾತ್ರ ನಿಂತಿರಲಿಲ್ಲ. ಸುಳ್ಳ ಎಂಬ ಹಳ್ಳಿಯ ಗೆಳೆಯ ಗುರುಶಿದ್ದಪ್ಪನ ಕೆಂಪು ಕಾಯಿಗಳ ಎದುರು ಅವನ ಹಸಿರು ಕಾಯಿಗಳು ದಿನವೂ ಸಾಗುತ್ತಿದ್ದವು. ಅದನ್ನು ನೋಡಿ ಠಾಣೆಯವರು ಕೈ ತೊಳೆದುಕೊಂಡಿದ್ದರು. ಆಟ ಆಡುವಷ್ಟು ಆರಾಮಾಗಿದ್ದಾನೆ, ಮನೆಯ ಮೇಲೆ ಮುನಿಸಿಕೊಂಡು ಹೋಗಿದ್ದಾನೆ, ತಾನಾಗಿ ಬರುತ್ತಾನೆ ಎಂದು ಹೇಳಿ ಅವನ ಹೆಂಡತಿ ಗುಲ್ಜಾರಬಿಯನ್ನು ಸಾಗಹಾಕಿದ್ದರು.

ಗುಲ್ಜಾರಬಿ ಈಗ ನವನಗರದ ತಸ್ಲೀಮಾಳ ಮನೆಯ ಮುಂದಿನ ಕೋಣೆಯಲ್ಲಿ, ಕೊಟ್ಟ ಚಹಾ ಮುಟ್ಟದೆ ಕೂತಿದ್ದಳು. ಆ ಕಾಯಿ ಸಾಗುತ್ತಿರುವವರೆಗೆ ತನ್ನ ಗಂಡನನ್ನು ಯಾರೂ ಹುಡುಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಕಾಯಿ ನಿಂತರೆ ಏನೆಂದು ತಿಳಿಯಬೇಕು ಎಂಬ ಹೆದರಿಕೆಯೂ ಇತ್ತು.

“ಕವಡಿ ಎಲ್ಲೂ ಬೀಳಂಗಿಲ್ರಿ ಮೇಡಂ,” ಎಂದಳು ತಸ್ಲೀಮಾ. ಕಮರುದ್ದೀನ್‌ನ ಅಣ್ಣನ ಮಗಳು ಅವಳು. ಆಟವನ್ನು ಫೋನಿಗೆ ತಂದವರಲ್ಲಿ ಒಬ್ಬಳು. “ಎರಡೂ ಫೋನು ಒಂದೊಂದು ಅಂಕಿ ಮನಸ್ಸಿನ್ಯಾಗ ಹಿಡಕೋತಾವು. ಬೀಗ ಹಾಕಿ ಕಳಸ್ತಾವು. ಎರಡೂ ಮುಟ್ಟಿದ ಮ್ಯಾಗ ಬೀಗ ತಗದು ಕೂಡಸ್ತಾವು. ಆ ಮೊತ್ತದ ಮ್ಯಾಲೆ ಎಷ್ಟು ಕವಡಿ ಅಂಗಾತ, ಎಷ್ಟು ಬೋರಲು ಅನ್ನೂದು ತೀರ್ಮಾನ.”

“ಅಂದ್ರ ಒಬ್ಬರಿಗೆ ಮೋಸ ಮಾಡಾಕ ಬರಂಗಿಲ್ಲ.”

“ಒಬ್ಬರಿಗೆ ಬರಂಗಿಲ್ರಿ.”

ನಾಗರತ್ನಾಳಿಗೆ ಇದು ಬಹಳ ಹಿಡಿಸಿತು. ಬೀಗರ ಮಾತುಕತೆಗೂ ಇಂಥದೊಂದು ಪದ್ಧತಿ ಬಂದು, ಎರಡೂ ಕಡೆಯವರು ತಮ್ಮ ತಮ್ಮ ನಿಜವನ್ನು ಬೀಗ ಹಾಕಿ ಕಳಿಸಿ ಒಟ್ಟಿಗೇ ಬಿಚ್ಚುವಂತಾದರೆ ತಾನು ಕೋಣೆ ಖಾಲಿ ಮಾಡಬೇಕಾಗುತ್ತದೆ ಎಂದುಕೊಂಡು ಒಳಗೊಳಗೇ ನಕ್ಕಳು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಯುವಕ ಚಪ್ಪಲಿ ಬಿಡದೆ ನಿಂತು ನಮಸ್ಕಾರ ಮಾಡಿದ. ಪರಮೇಶ. ತಸ್ಲೀಮಾಳ ಜೊತೆಗೂಡಿ ಆಟ ಕಟ್ಟಿದವನು. ಸರ್ವರ್ ನೋಡಲು ಹೊರಟಿದ್ದೇನೆ, ನಿನ್ನ ಹತ್ತಿರದ ಚಾರ್ಜರ್ ಕೊಡು ಎಂದು ಕೇಳಿದ. ಕೈಯಲ್ಲಿ ಎರಡು ಊಟದ ಡಬ್ಬಿ ಇದ್ದವು. ಎಣ್ಣೆಗಾಯಿಯ ವಾಸನೆ ಕೋಣೆಯ ತುಂಬ ಹರಡಿತು.

“ಲಗ್ನ ಆಗೂಕ್ಕಿಂತ ಮೊದಲಽ ಎರಡ ಡಬ್ಬಿ ಊಟ ಏನೋ ತಮ್ಮಾ?” ಎಂದು ನಾಗರತ್ನಾ ಕಿಚಾಯಿಸಿದಳು.

“ರಾತ್ರಿತನಾ ಕೆಲಸ ಐತ್ರಿ ಅಕ್ಕಾರ,” ಎಂದು ನಕ್ಕ. ಗುಲ್ಜಾರಬಿಗೆ ಧೈರ್ಯ ಹೇಳಿದ, ಚಾರ್ಜರ್ ತೆಗೆದುಕೊಂಡು ಹೋದ. ಒಳ್ಳೆಯ ಹುಡುಗ ಎಂದು ಯಾರಿಗಾದರೂ ಅನಿಸಬೇಕು, ಹಾಗಿದ್ದ.

ತಸ್ಲೀಮಾ ಮಾತು ಮುಂದುವರಿಸಿದಳು. ಅವರು ಮಾಡಿದ್ದು ಹೊಸ ಆ್ಯಪ್ ಅಲ್ಲ. ಯಾರ ಫೋನಿನಲ್ಲಿ ಯಾವ ಚಾಟ್ ಆ್ಯಪ್ ಇದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಲೆಂದು ಜಗತ್ತಿನ ಮಂದಿ ಕೂಡಿ ಒಪ್ಪಿಕೊಂಡ ಒಂದು ಮುಕ್ತ ಪ್ರೋಟೊಕಾಲ್ ಇದೆ. ಮಾತು ಹೀಗೆ ಹೋಗಬೇಕು, ಹೀಗೆ ಮುಟ್ಟಬೇಕು ಎಂಬ ಕ್ರಮ. ಆ ಕ್ರಮಕ್ಕೆ ಇವರು ಒಂದು ಸೇರ್ಪಡೆ ಬರೆದಿದ್ದರು. ಮಾತು ಹೋಗುವ ದಾರಿಯಲ್ಲೇ ಆಟವೂ ಹೋಗಬೇಕೆಂದು. ಕರೆಯುವುದು, ಒಪ್ಪುವುದು, ಒಗೆಯುವುದು, ನಡೆಸುವುದು, ಏಳುವುದು. ಇಷ್ಟು ಗೊತ್ತಿರುವ ಫೋನು ಚೌಕಾಬಾರಾ ಆಡಬಹುದು, ಹುಲಿಕುರಿ ಆಡಬಹುದು. ಇದಾವುದೂ ತಿಳಿಯದ ಫೋನಿಗೂ ‘ಕಮರುದ್ದೀನ್ ಮೂರು ಒಗೆದರು’ ಎಂದು ಸಾದಾ ಸಾಲಾದರೂ ಕಾಣುತ್ತದೆ. ಇಬ್ಬರೂ ಸೇರಿ ಒಂದು ಸಣ್ಣ ಸರ್ವರ್ ನಡೆಸುತ್ತಿದ್ದರು. ಅದರ ಕೀಲಿ ಇದ್ದದ್ದು ಅವರಿಬ್ಬರ ಬಳಿ ಮಾತ್ರ.

“ಹಂಗಾರ ಯಾವ ಫೋನಿನಿಂದ ಯಾವ ಕವಡಿ ಬಂತು ಅನ್ನೂದು ಸರ್ವರಿನ್ಯಾಗ ಸಿಗಬೇಕಲ್ಲ?”

“ಸಿಗಂಗಿಲ್ರಿ. ದಾಟಿಸಿ ಮರತ ಬಿಡತೈತಿ. ನಾವಽ ಹಂಗ ಮಾಡೇವಿ. ಮಂದಿ ಆಟ ನಮಗ್ಯಾಕ? ಅದು ದಾಟೂ ಹೊತ್ತಿಗೆ ಕಣ್ಣಿಟ್ಟು ಕುಂತಾವಗ ಅಷ್ಟ ಕಾಣತೈತಿ.”

ಆ ಮಾತಿಗೆ ನಾಗರತ್ನಾ ಏನೋ ಹೇಳಹೊರಟಿದ್ದಳು. ಅಷ್ಟರಲ್ಲಿ ಮೂಲೆಯಿಂದ ಗುಲ್ಜಾರಬಿಯ ದನಿ ಬಂತು. ತಸ್ಲೀಮಾ ಅವಳ ಫೋನಿಗೂ ಆ ಆಟವನ್ನು ನೋಡಲು ಹಾಕಿಕೊಟ್ಟಿದ್ದಳು. ವಾರವಿಡೀ ಅವಳು ನೋಡಿದ್ದು ಆ ಹಸಿರು ಕಾಯಿಗಳನ್ನೇ.

“ಶುಕ್ರವಾರ ಒಂದು ಕವಡಿ ಬಂದಿತ್ರಿ. ಜುಮ್ಮಾ ನಮಾಜ ಹೊತ್ತಿನ್ಯಾಗ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. “ಜ್ವರ ಬಂದು ಹಾಸಿಗಿ ಹಿಡದ್ರೂ ಆ ಹೊತ್ತಿಗೆ ನಮ್ಮವರು ಕವಡಿ ಮುಟ್ಟೂ ಮನಷ್ಯಾ ಅಲ್ರಿ.”

ಇದನ್ನು ಠಾಣೆಯಲ್ಲಿ ಹೇಳಲಿಲ್ಲವೇ ಎಂದು ನಾಗರತ್ನಾ ಕೇಳಿದಳು. ಹೇಳಿದ್ದಳಂತೆ. ಈಗಿನ ಕಾಲದಲ್ಲಿ ಯಾರು ಅದನ್ನೆಲ್ಲ ನೋಡುತ್ತಾರಮ್ಮ ಎಂದು ನಕ್ಕಿದ್ದರಂತೆ.

“ಅಂದಮ್ಯಾಲೆ ಆ ಕೈ ಅವರದಲ್ಲ,” ಎಂದಳು ನಾಗರತ್ನಾ. “ತಸ್ಲೀಮಾ, ಅವರ ಹೆಸರಿನ್ಯಾಗ ಬ್ಯಾರೆಯವರು ಒಗ್ಯಾಕ ದಾರಿ ಐತೇನು?”

ಇಲ್ಲ ಎನ್ನಲು ತಸ್ಲೀಮಾ ಬಾಯಿ ತೆರೆದಳು. ನೋಡನೋಡುತ್ತಿದ್ದಂತೆ ಅವಳ ಮುಖದ ಕಳೆ ಇಳಿದುಹೋಯಿತು.

“ಐತ್ರಿ,” ಎಂದಳು ಸಣ್ಣಗೆ. “ಎರವಿನ ಕೈ.”

ಕಮರುದ್ದೀನ್ ಹುಟ್ಟಿ ಬೆಳೆದದ್ದು ಸುಳ್ಳದಲ್ಲಿ. ಅಲ್ಲಿಯ ಕಟ್ಟೆಗಳ ಮೇಲೆ ಚೌಕಾಬಾರಾ ಶುರುವಾದರೆ ಬೇಗ ಮುಗಿಯುವುದಿಲ್ಲ. ನಡುವೆ ಒಬ್ಬನಿಗೆ ನಮಾಜಿನ ಹೊತ್ತಾಗುತ್ತದೆ, ಇನ್ನೊಬ್ಬನ ಆಕಳು ಕರು ಹಾಕುತ್ತದೆ. ಏಳುವವನು ‘ನನ್ನ ಕೈ ನಿನಗ’ ಎಂದು ಹೇಳಿ ಏಳುತ್ತಾನೆ. ಕೂತವನು ಆಗ ಎರಡೂ ಕಡೆಗೆ ಒಗೆಯುತ್ತಾನೆ. ಹೀಗೆ ಎರವು ಪಡೆದ ಕೈಯಲ್ಲಿ ತನ್ನ ಕಾಯಿಗೆ ತಾನು ಕರುಣೆ ತೋರುವಂತಿಲ್ಲ. ತನ್ನದೇ ಕಾಯಿಯನ್ನು ಹೊಡೆಯುವಂತೆ ಕವಡೆ ಬಿದ್ದರೆ ಹೊಡೆಯಲೇಬೇಕು. ಆಟಗಾರ ಹಾದಿಯಲ್ಲಿರುವಾಗ ಆಟ ಅರ್ಧಕ್ಕೆ ನಿಲ್ಲಿಸಿದರೆ ಹೋದವನ ಹಾದಿ ಕೆಡುತ್ತದೆ ಎಂದು ಆ ಊರಿನ ನಂಬಿಕೆ.

ಫೋನಿನ ಆಟಕ್ಕೂ ಇದು ಬೇಕೇ ಬೇಕೆಂದು ಕಮರುದ್ದೀನ್ ಹಟ ಹಿಡಿದಿದ್ದ. ಸೇರ್ಪಡೆಯಲ್ಲಿ ‘ಎದ್ದೆ’ ಎಂಬ ಗುಂಡಿ ಬಂದದ್ದು ಹಾಗೆ. ಅದನ್ನು ಒತ್ತಿದರೆ, ತಿರುಗಿ ಬಂದು ತಾನೇ ಒಗೆಯುವವರೆಗೆ ಅವನ ಕೈ ಎದುರಾಳಿಗೆ; ಅವನ ಪಾಲಿನ ಅಂಕಿಯನ್ನೂ ಎದುರಾಳಿಯ ಫೋನೇ ಹಿಡಿಯುತ್ತದೆ. ಆದರೆ ಪರದೆಯ ಮೇಲೆ ಕಾಣುವುದು ಎದ್ದವನ ಹೆಸರು. ಯಾರ ಕೈ ಎಂಬುದನ್ನೂ ಹಾಕಬೇಕೆಂದು ಪರಮೇಶ ವಾದ ಮಾಡಿದ್ದನಂತೆ. ಚಾಚಾ ಕಮರುದ್ದೀನ್‌ನನ್ನೇ ಕೇಳೋಣ ಎಂದು ಇಬ್ಬರೂ ಹೋಗಿ ಕೇಳಿದರೆ ಆತ ನಕ್ಕುಬಿಟ್ಟಿದ್ದ. ಎರವಿನ ಕೈ ಒಗೆದ ಕವಡೆ ಎದ್ದವನದೇ, ಅದರಲ್ಲಿ ಒಗೆದವನ ಹೆಸರು ಯಾಕೆ ಎಂದಿದ್ದ. ಶಾಲೆಯ ರಜೆಗಳನ್ನೆಲ್ಲ ಅದೇ ಕಟ್ಟೆಯ ಮೇಲೆ ಕಳೆದ ತಸ್ಲೀಮಾಳಿಗೂ ಅದೇ ಸರಿ ಅನಿಸಿತ್ತು. ಹೆಸರು ಬಿಟ್ಟರು.

ಹೊರಗಿನವರು ಒಬ್ಬರಿದ್ದರೂ ಇಂಥ ತಪ್ಪು ಆಗುತ್ತಿರಲಿಲ್ಲ ಎಂದು ನಾಗರತ್ನಾಳಿಗೆ ಅನಿಸಿತು. ಸುಳ್ಳದವರಿಗೆ ಮಾತ್ರ ಅದು ತಪ್ಪೆಂದೇ ಕಾಣಲಿಲ್ಲ.

“ಎರವಿನ ಕೈ ಅಂದ್ರ ಒಂದ ತಾಸಿನ ಮಾತು ಅಂತ ತಿಳದಿದ್ನಿರಿ,” ಎಂದಳು ತಸ್ಲೀಮಾ. ಕಣ್ಣು ತುಂಬಿದ್ದವು. “ವಾರಗಟ್ಟಲೆ ನಡೀತೈತಿ ಅಂತ ಹೊಳೀಲಿಲ್ಲ. ಚಾಚಾನಽ ಆಡಾಕತ್ತಾರ ಅಂತ ನಂಬೂದು ನನಗೂ ಬೇಕಾಗಿತ್ತು.”

ನಾಗರತ್ನಾ ಅವಳ ಬೆನ್ನು ಸವರಿದಳು. ಆಮೇಲೆ, ಆಟವನ್ನು ಠಾಣೆಗೆ ಒಯ್ದು ತೋರಿಸಿ ಬಂದವರು ಯಾರು ಎಂದು ಸುಮ್ಮನೆ ಕೇಳುವಂತೆ ಕೇಳಿದಳು.

“ಪರಮೇಶ.”

ನಾಗರತ್ನಾ ಹೂಂ ಎಂದಳಷ್ಟೇ. ಎದ್ದು ಚಪ್ಪಲಿ ಮೆಟ್ಟಿದಳು.

ಸುಳ್ಳಕ್ಕೆ ಹೋದದ್ದು ತಸ್ಲೀಮಾಳ ಸಣ್ಣ ಕಾರಿನಲ್ಲಿ. ಎರಡೂ ಕಡೆ ಕಡಲೆಯ ಹೊಲ. ದಾರಿಯುದ್ದಕ್ಕೂ ಗುಲ್ಜಾರಬಿ ಫೋನಿನ ಹಸಿರು ಕಾಯಿಗಳನ್ನೇ ನೋಡುತ್ತಿದ್ದಳು.

ಗುರುಶಿದ್ದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆಯೇ ಇದ್ದ. ಬಿಳಿ ಮೀಸೆ, ತಲೆಗೆ ಟವೆಲ್ಲು. ಕಟ್ಟೆಯ ಕಲ್ಲಿನಲ್ಲಿ ಯಾವ ಕಾಲದಲ್ಲೋ ಚೌಕಾಬಾರಾದ ಮನೆಗಳನ್ನು ಕೊರೆದಿದ್ದರು. ಅದರ ಮೇಲೆ ಕೆಂಪು ಬಳೆಚೂರು, ಹಸಿರು ಬಳೆಚೂರು. ಪಕ್ಕದಲ್ಲಿ ತಂಬಿಗೆಗೆ ಆನಿಸಿಟ್ಟ ಫೋನು. ಪರದೆಯ ಮನೆಗಳು ಕಣ್ಣಿಗೆ ಸಣ್ಣವಾಗುತ್ತವೆಂದು ಅವನು ಫೋನಿನಲ್ಲಿ ನಡೆದದ್ದನ್ನೆಲ್ಲ ಕಲ್ಲಿನ ಮೇಲೂ ನಡೆಸುತ್ತಿದ್ದ.

ಗುಲ್ಜಾರಬಿಯನ್ನು ಕಂಡು ಎದ್ದು ನಿಂತ. “ಬರ್ರಿ ವೈನಿ. ಕಮರೂ ಬಂದನೇನ್ರಿ?”

ಸಂತೆಗೆ ಹೋದವನ ಬಗ್ಗೆ ಕೇಳುವ ದನಿ ಅದು. ಗುಲ್ಜಾರಬಿ ಕಟ್ಟೆಯ ಕಂಬ ಹಿಡಿದುಕೊಂಡಳು.

“ಎಲ್ಲಿಂದ ಬರಬೇಕಿತ್ರಿ ಅವರು?” ನಾಗರತ್ನಾ ಕೇಳಿದಳು.

“ಮಿರಜದಿಂದ. ಮಶಿನ್ ಸಾಮಾನ ತರಾಕ ಹೋಗ್ಯಾನಲ್ಲ. ತಡಾ ಆಗತೈತಿ ಅಂತ ನಮ್ಮ ಪರಮೇಶ ಹೇಳಿದ.”

ನಮ್ಮ ಪರಮೇಶ ಎಂದರೆ ಗುರುಶಿದ್ದಪ್ಪನ ತಂಗಿಯ ಮಗ. ತಂಗಿ ತೀರಿದ ಮೇಲೆ ಇದೇ ಮನೆಯಲ್ಲಿ ಬೆಳೆದವನು.

ನಾಗರತ್ನಾ ಅವಸರ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು, ಬಳೆಚೂರುಗಳನ್ನು ಮುಟ್ಟದೆ ನೋಡಿದಳು. ಒಂದು ಹಸಿರು ಚೂರು ಒಳಸುತ್ತಿನಲ್ಲಿತ್ತು. ನಡುವಿನ ಮನೆ ಸೇರಿ ಹಣ್ಣಾಗಲು ಒಂದೇ ಹೆಜ್ಜೆ ಬಾಕಿ.

“ಹಸರ ಕಾಯಿ ಭಾಳ ಮುಂದ ಬಂದಾವ್ರಿ ಯಜಮಾನ್ರ. ಯಾರು ನಡಸಾಕತ್ತಾರ?”

“ನಾನಽ,” ಎಂದ ಗುರುಶಿದ್ದಪ್ಪ. ಮುಚ್ಚಿಡುವುದಕ್ಕೇನೂ ಇಲ್ಲದವನ ಉತ್ತರ. “ಕೈ ಕೊಟ್ಟು ಎದ್ದಾನ. ಹಾದ್ಯಾಗ ಇದ್ದಾವನ ಆಟ ನಿಂದ್ರಸಾಕ ಬರತೈತೇನು? ನೋಡ್ರಿ, ನನ್ನ ಕಾಯಿಗಿಂತ ಅವನ ಕಾಯಿ ಛಲೋ ನಡಶೇನಿ.”

ಕಮರುದ್ದೀನ್ ಮನೆ ಬಿಟ್ಟ ದಿನ ಬೆಳಿಗ್ಗೆಯೇ ‘ಎದ್ದೆ’ ಒತ್ತಿದ್ದ. ಅಂದಿನಿಂದ ಅವನ ಹೆಸರಿನಲ್ಲಿ ಬಿದ್ದ ಕವಡೆಯೆಲ್ಲ ಈ ಮುದುಕನ ಕೈಯಿಂದ ಬಿದ್ದದ್ದು.

ನಡೆದದ್ದನ್ನೆಲ್ಲ ನಾಗರತ್ನಾ ಒಂದೊಂದಾಗಿ ಹೇಳಿದಳು. ಕಮರುದ್ದೀನ್ ಮನೆಯಲ್ಲಿ ಮಿರಜದ ಮಾತೇ ಆಡಿರಲಿಲ್ಲ. ಫೋನ್ ಬಂದ್. ಗುಲ್ಜಾರಬಿ ಠಾಣೆಗೆ ಅಲೆದಳು. ಆಟ ನಡೆಯುತ್ತಿದೆಯಲ್ಲ ಎಂದು ಅವರು ಹುಡುಕಲಿಲ್ಲ.

ಗುರುಶಿದ್ದಪ್ಪ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

“ನಾ ಒಗದ ಕವಡಿ ನೋಡಿ ಅವನ್ನ ಹುಡಕೂದು ಬಿಟ್ರೇನ್ರಿ?”

ನಾಗರತ್ನಾ ಹೌದೆಂದು ತಲೆಯಾಡಿಸಿದಳು, ಆದರೂ ಕೇಳಬೇಕಾದದ್ದು ಇನ್ನೂ ಉಳಿದಿತ್ತು.

“ಎರವಿನ ಕೈ ವಿಚಾರ ಪರಮೇಶಗ ಚೊಲೋತ್ನಾಗ ಗೊತ್ತು. ಹೆಸರ ಹಾಕಬೇಕು ಅಂತ ವಾದಾ ಮಾಡಿದಾಂವನಽ ಅಂವ. ಅಂಥಾಂವ ಠಾಣ್ಯಾಗ ಹೋಗಿ, ಕಮರುದ್ದೀನಽ ಆಡಾಕತ್ತಾರ ಅಂದ. ನಿಮ್ಮ ಮುಂದ ಮಿರಜ ಅಂದ. ಯಾಕ್ರಿ?”

“ಅಂವ ನನ್ನ ತಂಗಿ ಮಗ,” ಎಂದ ಗುರುಶಿದ್ದಪ್ಪ. ದನಿ ಗಡುಸಾಗಿತ್ತು. “ಈ ಕಟ್ಟಿ ಮ್ಯಾಗಽ ಕವಡಿ ಕಲತಾನ. ಕಮರೂನಽ ಕಲಿಸ್ಯಾನ. ಅವನ ಹೆಸರು ಇದರಾಗ ತರಬ್ಯಾಡ್ರಿ.”

“ನಾ ತಂದಿಲ್ರಿ. ಎರಡ ಕಡೆ ಎರಡ ಮಾತು ಹೇಳ್ಯಾನ. ಯಾಕ ಹೇಳಿದ ಅಂತ ತಿಳೀಬೇಕಾಗೇತಿ, ಅಷ್ಟ.”

ಗುರುಶಿದ್ದಪ್ಪ ಮುಖ ತಿರುಗಿಸಿ ಹೊಲದ ಕಡೆ ನೋಡುತ್ತ ಕೂತ. ಒಳಗಿನಿಂದ ಚಹಾ ಬಂತು. ಎಲ್ಲರೂ ಬಟ್ಟಲು ಹಿಡಿದರು, ಯಾರೂ ಕುಡಿಯಲಿಲ್ಲ.

ಆಗ ನಾಗರತ್ನಾಳ ತಲೆಯಲ್ಲಿ ಒಂದು ವಿಚಾರ ಹೊಳೆಯಿತು. ಈಗ ಪಾಳಿ ಕೆಂಪು ಕಾಯಿಯದು, ಅಂದರೆ ಗುರುಶಿದ್ದಪ್ಪನದು. ಅವನೂ ‘ಎದ್ದೆ’ ಒತ್ತಿದರೆ? ಅವನ ಕೈ ಕಮರುದ್ದೀನ್‌ಗೆ ಹೋಗುತ್ತದೆ. ಇಷ್ಟು ದಿನ ಗುರುಶಿದ್ದಪ್ಪ ಎರಡೂ ಕಡೆಗೆ ತಪ್ಪದೆ ಒಗೆಯುತ್ತಿದ್ದುದರಿಂದ ಕಮರುದ್ದೀನ್ ಏನೂ ಮಾಡಬೇಕಾಗಿರಲಿಲ್ಲ. ಅವನು ಎಲ್ಲಾದರೂ ಜೀವದಿಂದಿದ್ದು, ಆಟ ಅವನ ಕಣ್ಣಿಗೆ ಬೀಳುತ್ತಿದ್ದರೆ, ಗೆಳೆಯ ಕೊಟ್ಟ ಕೈಯನ್ನು ಸುಮ್ಮನೆ ಬಿಡುವವನಲ್ಲ.

ಇಬ್ಬರೂ ಎದ್ದರೆ ಏನಾಗುತ್ತದೆ ಎಂದು ತಸ್ಲೀಮಾಳನ್ನು ಕೇಳಿದಳು. ಅದಕ್ಕೆ ನಿಯಮವನ್ನೇ ಬರೆದಿಲ್ಲ ಎಂದಳು ತಸ್ಲೀಮಾ. ಸುಳ್ಳದಲ್ಲಿ ಇಬ್ಬರೂ ಏಳುವುದು ಎಂಬುದೇ ಇಲ್ಲ. ಬೇಡ ಎಂದೂ ಬರೆಯದಿದ್ದರಿಂದ ಫೋನು ಒಪ್ಪುತ್ತದೆ. ಕಮರುದ್ದೀನ್‌ನ ಫೋನಿನಲ್ಲಿ ಸಿಮ್ ಇಲ್ಲದಿದ್ದರೂ ನಡೆಯುತ್ತದೆ, ಹತ್ತಿರದಲ್ಲಿ ಪರಿಚಯದ ವೈಫೈ ಒಂದಿದ್ದರೆ ಸಾಕು.

“ಯಜಮಾನ್ರ,” ಎಂದಳು ನಾಗರತ್ನಾ. “ನೀವೂ ಏಳ್ರಿ.”

ಗುರುಶಿದ್ದಪ್ಪ ಅವಳನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ. ಕಮರೂ ಹಾದಿಯಲ್ಲಿರುವಾಗ ತಾನೂ ಎದ್ದರೆ ಆ ಆಟಕ್ಕೆ ವಾರಸುದಾರರು ಯಾರು? ತನ್ನಪ್ಪನ ಕಾಲದಿಂದ ಈ ಕಟ್ಟೆಯ ಮೇಲೆ ಹಾಗಾದದ್ದಿಲ್ಲ ಎಂದ. ಫೋನನ್ನು ತೆಗೆದು ಎದೆಗೊತ್ತಿಕೊಂಡ.

ಗುಲ್ಜಾರಬಿ ಕಂಬ ಬಿಟ್ಟು ಮುಂದೆ ಬಂದಳು.

“ಒತ್ತರಿ ಅಣ್ಣಾರ.”

“ಕಾಯಿ ನಡೀಲಿಲ್ಲಂದ್ರ, ವೈನಿ?”

“ನಡೀಲಿಲ್ಲಂದ್ರನೂ ನನಗ ಗೊತ್ತಾಗಬೇಕು.”

ಗುರುಶಿದ್ದಪ್ಪ ಫೋನನ್ನು ತಂಬಿಗೆಗೆ ಆನಿಸಿಟ್ಟ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಗುಂಡಿ ಒತ್ತಿದ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಕಾದರು. ಚಹಾ ಆರಿತು, ಮೇಲೆ ಕೆನೆ ಕಟ್ಟಿತು. ಟ್ರ್ಯಾಕ್ಟರೊಂದು ಹೋಯಿತು. ತಸ್ಲೀಮಾ ಉಗುರು ಕಚ್ಚುತ್ತಿದ್ದಳು. ಗುಲ್ಜಾರಬಿಗೆ ಇದ್ದೊಂದು ಆಸೆಯನ್ನೂ ತನ್ನ ಕುತೂಹಲಕ್ಕೆ ಕಳೆದುಬಿಟ್ಟೆನೇ ಎಂಬ ಪಶ್ಚಾತ್ತಾಪ ನಾಗರತ್ನಾಳ ಒಳಗಿನಿಂದ ಏಳತೊಡಗಿತು. ಸಾಕು, ತಿರುಗಿ ಒಗೆಯಿರಿ ಎಂದು ಹೇಳಲು ಬಾಯಿ ತೆರೆದಳು.

ಫೋನು ಸಣ್ಣಗೆ ಟಿಣ್ ಎಂದಿತು.

‘ಗುರುಶಿದ್ದಪ್ಪ ಎರಡು ಒಗೆದರು.’

ಗುರುಶಿದ್ದಪ್ಪನ ಕೈ ತೊಡೆಯ ಮೇಲೆಯೇ ಇತ್ತು. ಪರದೆಯ ಮೇಲೆ ಅವನ ಕೆಂಪು ಕಾಯಿಯೊಂದು ತಾನಾಗಿ ಕದಲಿ ಒಂದು ಮನೆ, ಎರಡು ಮನೆ ನಡೆಯಿತು. ಹಣ್ಣಾಗಲು ಒಂದೇ ಹೆಜ್ಜೆ ಉಳಿದಿದ್ದ ಹಸಿರು ಕಾಯಿಯ ಮೇಲೆ ಹೋಗಿ ಕೂತು ಅದನ್ನು ಹೊಡೆಯಿತು.

“ಇದು ಕಮರೂನ ಕೈ,” ಎಂದ ಗುರುಶಿದ್ದಪ್ಪ. “ಎರಡಕ್ಕ ಬ್ಯಾರೆ ಕಾಯಿನೂ ನಡಸಾಕ ಬರತಿತ್ತು. ಬ್ಯಾರೆ ಯಾರರೆ ಆಗಿದ್ರ ಅದನ್ನ ನಡಸ್ತಿದ್ರು. ಹಣ್ಣಾಗೂ ತನ್ನ ಕಾಯಿ ತಾನಽ ಹೊಡ್ಯಾಂವ ಅವನೊಬ್ಬನಽ ನೋಡ್ರಿ.”

ಗುಲ್ಜಾರಬಿ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ವಾರದಿಂದ ತಡೆದಿಟ್ಟ ಅಳು. ಅಳುತ್ತಲೇ ಅವಳ ಮುಖ ಅರಳಿತ್ತು. ಅವನು ಇದ್ದಾನೆ, ಎಲ್ಲಿಯೋ ಕೂತು ಈಗಷ್ಟೇ ಈ ಆಟವನ್ನು ಮುಟ್ಟಿದ್ದಾನೆ. ಸ್ವಲ್ಪ ಹೊತ್ತಿಗೆ ಅಳು ನಿಲ್ಲಿಸಿ ಒಂದು ಮಾತು ಕೇಳಿದಳು. “ಕವಡಿ ಒಗ್ಯಾಕ ಬಂದಾವಗ ನನಗೊಂದು ಮಾತು ಕಳಸಾಕ ಯಾಕ ಬರಲಿಲ್ಲ?”

ತಸ್ಲೀಮಾ ಆಗಲೇ ಟೈಪ್ ಮಾಡುತ್ತಿದ್ದಳು. ಚಾಚಾ, ಎಲ್ಲಿದ್ದೀರಿ? ಕಳಿಸಿದ ಕೂಡಲೇ ಅದು ತಿರುಗಿ ಬಂತು. ‘ಈ ಖಾತೆಗೆ ಮಾತು ಮುಚ್ಚಲಾಗಿದೆ.’ ಅವಳ ಬೆರಳು ಪರದೆಯ ಮೇಲೆಯೇ ನಿಂತಿತು.

ಸೇರ್ಪಡೆ ಬರೆಯುವಾಗ ಮಾತಿಗೊಂದು ಬಾಗಿಲು, ಆಟಕ್ಕೊಂದು ಬಾಗಿಲು ಎಂದು ಇಟ್ಟಿದ್ದರು. ಮಾತು ಬೇಡವೆಂದವರು ಆಟವನ್ನಾದರೂ ಆಡಲಿ ಎಂದು. ಕಮರುದ್ದೀನ್‌ನ ಮಾತಿನ ಬಾಗಿಲನ್ನು ಯಾರೋ ಸರ್ವರಿನಿಂದಲೇ ಹಾಕಿದ್ದರು. ಅದಕ್ಕೆ ಕೀಲಿ ಬೇಕು. ಕೀಲಿ ಇಬ್ಬರ ಬಳಿ.

“ನಾ ಹಾಕಿಲ್ರಿ,” ಎಂದಳು ತಸ್ಲೀಮಾ.

ಗೊತ್ತು ಎಂದಳು ನಾಗರತ್ನಾ. ಮಾತಿನ ಬಾಗಿಲು ಹಾಕಿದವನು ಆಟದ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದ. ಆಟ ನಡೆದರಷ್ಟೇ ಠಾಣೆ ಸುಮ್ಮನಿರುತ್ತದೆ. ಕಮರುದ್ದೀನ್‌ನ ಕೈಗೆ ಫೋನು ಸಿಗಲಾರದು, ಸಿಕ್ಕರೂ ಗುರುಶಿದ್ದಪ್ಪ ಏಳಲಾರ ಎಂದು ಅವನು ನಂಬಿದ್ದ. ಇದೇ ಕಟ್ಟೆಯಲ್ಲಿ ಕವಡೆ ಕಲಿತವನಲ್ಲವೇ? ಆದರೆ ಯಾಕೆ ಎಂಬುದು ಮಾತ್ರ ಅವಳ ಕೈಗೆ ಇನ್ನೂ ಸಿಕ್ಕಿರಲಿಲ್ಲ.

ಎದುರಾಳಿಯ ಕಾಯಿ ಹೊಡೆದರೆ ಇನ್ನೊಮ್ಮೆ ಒಗೆಯಬೇಕು. ನಾಲ್ವರೂ ಪರದೆಯ ಮೇಲೆ ಕಣ್ಣಿಟ್ಟು ಕೂತರು. ಆ ಇನ್ನೊಂದು ಕವಡೆ ಬೀಳಲಿಲ್ಲ.

ಬದಲಿಗೆ ತಸ್ಲೀಮಾಳ ಫೋನು ರಿಂಗಣಿಸಿತು. ಪರಮೇಶನ ಹೆಸರು. ನಾಗರತ್ನಾ ಸನ್ನೆ ಮಾಡಿದಳು; ತಸ್ಲೀಮಾ ಸ್ಪೀಕರ್ ಹಾಕಿದಳು.

“ಅಕ್ಕಾ, ನಮ್ಮ ಮಾವನ ಆಟದಾಗ ಈಗ ಒಗದವರು ಯಾರು?”

ನಾಗರತ್ನಾ ಆಟದ ಪರದೆಯತ್ತ ಬಗ್ಗಿ ನೋಡಿದಳು. ಪರದೆಯ ಮೇಲೆ ಗುರುಶಿದ್ದಪ್ಪನ ಹೆಸರು ಚೊಕ್ಕವಾಗಿ ಬರೆದಿತ್ತು. ಅದನ್ನು ನೋಡಿದ ಯಾರೂ ಹೀಗೆ ಕೇಳುವುದಿಲ್ಲ. ಕವಡೆ ದಾಟುವ ಹೊತ್ತಿಗೆ ಸರ್ವರಿನ ಮುಂದೆ ಕಣ್ಣಿಟ್ಟು ಕೂತವನಿಗಷ್ಟೇ ಅದು ಬೇರೆ ಫೋನಿನಿಂದ ಬಂದದ್ದು ಗೊತ್ತಾಗುತ್ತದೆ.

ಗುರುಶಿದ್ದಪ್ಪ ಕೈ ಚಾಚಿ ತಸ್ಲೀಮಾಳಿಂದ ಫೋನು ಇಸಿದುಕೊಂಡ.

“ನಾನಽ ಒಗದೇನಿ, ಪರಮೇಶಾ.”

“ನಿಮ್ಮ ಫೋನಿನಿಂದ ಏನು ಮಾವಾ?”

“ನನ್ನ ಫೋನಿನಿಂದ. ಅಂವನ ಕಾಯಿ ಹೊಡದೆ.”

“ಛಲೋ ಆತು ಬಿಡ್ರಿ ಮಾವಾ,” ಎಂದ ಪರಮೇಶ. ಬಹಳ ಮೆತ್ತಗೆ ಹೇಳಿದ. ಫೋನು ಕಟ್ಟಾಯಿತು.

ಕವಡೆಯ ವಿಷಯದಲ್ಲಿ ಹುಟ್ಟಿದಾಗಿನಿಂದ ಸುಳ್ಳು ಹೇಳದವನು, ತಾನು ಎತ್ತಿ ಆಡಿಸಿದವನಿಗೆ ಮೊದಲ ಸುಳ್ಳು ಹೇಳಿದ್ದ. ನಂಬಿದನೇನೋ ಎಂಬ ಆಸೆಯಿಂದ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಫೋನು ಮತ್ತೆ ಟಿಣ್ ಎಂದಿತು. ಪರದೆಯ ಮೇಲಿದ್ದ ಹಸಿರು ಕಾಯಿಗಳು ಒಂದೊಂದಾಗಿ ಅಳಿಸಿಹೋದವು. ‘ಎದುರಾಳಿ ಇಲ್ಲ’ ಎಂಬ ಸಾಲು ಉಳಿಯಿತು.

ಆಟದ ಬಾಗಿಲನ್ನೂ ಹಾಕಿದ್ದ. ತೆರೆಯಲು ತಸ್ಲೀಮಾ ತನ್ನ ಕೀಲಿ ಹಾಕಿ ನೋಡಿದಳು, ಮತ್ತೊಮ್ಮೆ ನೋಡಿದಳು. ಅವಳ ಕೀಲಿಯನ್ನು ಸರ್ವರ್ ಗುರುತು ಹಿಡಿಯಲಿಲ್ಲ.

ಗುರುಶಿದ್ದಪ್ಪ ಕಲ್ಲಿನ ಮೇಲೆ ಹೊಡೆತ ತಿಂದ ಹಸಿರು ಬಳೆಚೂರನ್ನು ಎತ್ತಿ, ಅದು ಹೊರಟ ಮನೆಯಲ್ಲಿ ತಿರುಗಿ ಇಟ್ಟ.

“ಇನ್ನೊಂದು ಕವಡಿ ಅವನಽ ಬಂದು ಒಗೀಬೇಕು,” ಎಂದ. “ಅಲ್ಲೀತನಾ ನಾ ಏಳಂಗಿಲ್ಲ. ನೀವು ಹೊಂಡ್ರಿ.”

ಕಾರಿನ ಬಾಗಿಲು ತೆಗೆಯುತ್ತ ನಾಗರತ್ನಾ, ಸರ್ವರ್ ಇರುವುದು ಎಲ್ಲಿ ಎಂದು ಕೇಳಿದಳು. ಬೆಂಗೇರಿಯಲ್ಲಿ, ಹಳೆಯ ಗೋದಾಮಿನ ಹಿಂದಿನ ಕೋಣೆಯಲ್ಲಿ ಎಂದಳು ತಸ್ಲೀಮಾ. ಬಾಡಿಗೆಗೆ ಹಿಡಿದಿದ್ದಾರೆ. ಸರ್ವರಿನ ಪೆಟ್ಟಿಗೆ, ವೈಫೈ, ಒಂದು ಕುರ್ಚಿ ಬಿಟ್ಟರೆ ಅಲ್ಲಿ ಏನೂ ಇಲ್ಲ. ಪರಮೇಶನೊಬ್ಬನೇ ಹೋಗಿ ಕೂರುತ್ತಾನೆ, ಇನ್ನೊಬ್ಬರಿಗೆ ಅಲ್ಲಿ ಕೆಲಸವಿಲ್ಲ.

ಗುಲ್ಜಾರಬಿ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದಳು. ಕಣ್ಣೊರೆಸಿಕೊಂಡಾಗಿತ್ತು.

“ಮುಂಜಾನೆ ಅಂವನ ಕೈಯಾಗ,” ಎಂದಳು, “ಎರಡ ಡಬ್ಬಿ ಇದ್ದುವಲ್ರಿ.”